ಪಿಕಪ್ಪಿಗೆ ದೊಡ್ಡ ಬ್ರೇಕ್ ಬೂಸ್ಟರ್ ಹಾಕುವ ಮೊದಲು

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬಾಯಾರು. ಹತ್ತು ವರ್ಷ ಹಳೆಯ ಡೀಸೆಲ್ ಪಿಕಪ್ ಇದೆ. ಕೋರೆಯಿಂದ ಕೆಂಪುಕಲ್ಲು, ಅಡಿಕೆಯ ಕಾಲದಲ್ಲಿ ಅಡಿಕೆ, ಉಳಿದಂತೆ ಗೊಬ್ಬರ ಸಾಗಿಸುತ್ತೇನೆ. ಗಾಡಿ ಖಾಲಿ ಇದ್ದಾಗ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಕಲ್ಲು ತುಂಬಿ ಉಪ್ಪಳದ ಕಡೆಗೆ ಇಳಿಯುವಾಗ ಮಾತ್ರ ಪೆಡಲ್ ಗಟ್ಟಿಯಾದಂತೆ ಅನಿಸುತ್ತದೆ, ಬಲವಾಗಿ ತುಳಿದರೂ ಗಾಡಿ ಬೇಗ ನಿಲ್ಲುವುದಿಲ್ಲ. ಭಾರಕ್ಕೆಂದು ಹಿಂದೆ ಎರಡು ಸ್ಪ್ರಿಂಗ್ ಪ್ಲೇಟ್ ಹೆಚ್ಚಿಗೆ ಹಾಕಿಸಿದ್ದೇನೆ. ಪೆಡಲಿನ ತುಳಿತಕ್ಕೆ ಬಲ ಕೂಡಿಸುವ ದೊಡ್ಡ ಬೂಸ್ಟರನ್ನೂ ಅದಕ್ಕೆ ವ್ಯಾಕ್ಯೂಮ್ (ಗಾಳಿ ಹೀರಿ ತೆಗೆದ ಸ್ಥಿತಿ) ಒದಗಿಸುವ ಕರೆಂಟಿನ ಪಂಪನ್ನೂ ಮನೆಯಲ್ಲೇ ಕೂರಿಸಿಕೊಳ್ಳಬಹುದೇ? ಗಾಡಿಯಲ್ಲಿ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ.

ಉತ್ತರ: ಸ್ಪ್ಯಾನರ್ ಹಿಡಿದು ಅಭ್ಯಾಸವಿರುವವರಿಗೆ ಬೂಸ್ಟರ್ ಬದಲಿಸುವುದು ಅಸಾಧ್ಯವಾದ ಕೆಲಸವಲ್ಲ, ಅದನ್ನು ಹೇಗೆ ಮಾಡಬೇಕೆಂದೂ ಮುಂದೆ ಬರೆದಿದ್ದೇನೆ. ಆದರೆ ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಆ ಎರಡು ಹೆಚ್ಚಿನ ಪ್ಲೇಟುಗಳ ವಿಷಯವೇ ನಿಮ್ಮ ತೊಂದರೆಯ ಮೂಲವಾಗಿರುವ ಸಾಧ್ಯತೆ ಹೆಚ್ಚು. ಖಾಲಿ ಇದ್ದಾಗ ಸರಿಯಾಗಿ ಹಿಡಿಯುವ ಬ್ರೇಕ್ ಭಾರ ತುಂಬಿದಾಗ ಮಾತ್ರ ಸೋಲುತ್ತದೆ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಬಾನೆಟ್ಟಿನ ಕೆಳಗಿರುವ ಬೂಸ್ಟರನ್ನಲ್ಲ, ಹಿಂದಿನ ಆಕ್ಸಲ್ಲಿನ ಹತ್ತಿರ ಚಾಸಿಗೆ ಬಿಗಿದಿರುವ ಲೋಡ್ ಸೆನ್ಸಿಂಗ್ ವಾಲ್ವನ್ನು.

ಖಾಲಿ ಪಿಕಪ್ಪಿನ ಹಿಂಭಾಗ ಬಹಳ ಹಗುರ. ಆಗ ಹಿಂದಿನ ಚಕ್ರಗಳಿಗೆ ಪೂರ್ತಿ ಬ್ರೇಕ್ ಒತ್ತಡ ಹೋದರೆ ಅವು ಲಾಕ್ ಆಗಿ, ಮಳೆಗಾಲದ ರಸ್ತೆಯಲ್ಲಿ ಗಾಡಿಯ ಬಾಲ ಮುಂದಕ್ಕೆ ತಿರುಗಿಬಿಡುತ್ತದೆ. ಹಾಗಾಗದಿರಲೆಂದು ತಯಾರಕರು ಹಿಂದಿನ ಬ್ರೇಕಿನ ಪೈಪಿನಲ್ಲಿ ಈ ವಾಲ್ವನ್ನು ಇಟ್ಟಿರುತ್ತಾರೆ. ವಾಲ್ವಿನಿಂದ ಒಂದು ಕಂಬಿ ಅಥವಾ ಸ್ಪ್ರಿಂಗ್ ಆಕ್ಸಲ್ಲಿಗೆ ಜೋಡಿಸಿರುತ್ತದೆ. ಭಾರ ತುಂಬಿದಾಗ ಚಾಸಿ ಆಕ್ಸಲ್ಲಿನ ಹತ್ತಿರಕ್ಕೆ ಇಳಿಯುತ್ತದೆ, ಆ ಕಂಬಿ ವಾಲ್ವನ್ನು ಒತ್ತುತ್ತದೆ, ಹಿಂದಿನ ಡ್ರಮ್ಮುಗಳಿಗೆ ಹೆಚ್ಚು ಒತ್ತಡ ಹೋಗುತ್ತದೆ. ಅಂದರೆ ಈ ವಾಲ್ವಿಗೆ ಭಾರ ಗೊತ್ತಾಗುವುದು ತೂಕದಿಂದಲ್ಲ, ಚಾಸಿ ಎಷ್ಟು ಕುಸಿಯಿತು ಎಂಬುದರಿಂದ.

ಹೆಚ್ಚಿನ ಪ್ಲೇಟ್ ಹಾಕಿಸಿದಾಗ ಆಗುವುದು ಇದೇ. ಸ್ಪ್ರಿಂಗ್ ಬಿಗಿಯಾಗಿ, ಒಂದು ಟನ್ ಕಲ್ಲು ತುಂಬಿದರೂ ಚಾಸಿ ಮೊದಲಿನಷ್ಟು ಕುಸಿಯುವುದಿಲ್ಲ. ಮೇಲೆ ಭಾರವಿದ್ದರೂ ವಾಲ್ವಿನ ಲೆಕ್ಕದಲ್ಲಿ ಗಾಡಿ ಅರೆ ಖಾಲಿಯಾಗಿಯೇ ಇರುತ್ತದೆ, ಆದ್ದರಿಂದ ಹಿಂದಿನ ಬ್ರೇಕಿಗೆ ಒತ್ತಡವನ್ನು ತಡೆದು ಹಿಡಿಯುತ್ತದೆ. ಇಡೀ ಗಾಡಿಯನ್ನು ನಿಲ್ಲಿಸುವ ಹೊಣೆ ಮುಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಚಾಲಕನಿಗೆ ಇದು ‘ತುಳಿದರೂ ಹಿಡಿಯುವುದಿಲ್ಲ, ಪೆಡಲ್ ಗಟ್ಟಿಯಾಯಿತು’ ಎಂದೇ ತೋರುತ್ತದೆ, ಏಕೆಂದರೆ ಬೇಕಾದ ಹಿಡಿತ ಸಿಗುವ ತನಕ ಅವನು ಇನ್ನಷ್ಟು ಬಲವಾಗಿ ತುಳಿಯುತ್ತಲೇ ಇರುತ್ತಾನೆ. ಪ್ಲೇಟ್ ಹಾಕಿಕೊಟ್ಟವರು ಈ ವಾಲ್ವಿನ ಕಂಬಿಯನ್ನು ಮತ್ತೆ ಹೊಂದಿಸಿಕೊಡುವುದು ನಮ್ಮ ಕಡೆ ಅಪರೂಪ. ಆ ಕೆಲಸವನ್ನು ಕೇಳಿ ಮಾಡಿಸಿಕೊಳ್ಳಬೇಕೆಂಬುದು ಮಾಲಕರಿಗೂ ತಿಳಿದಿರುವುದಿಲ್ಲ ಎಂಬುದು ನನಗೆ ನಿಜವಾಗಿ ಬೇಸರ ತರುವ ಸಂಗತಿ.

ಆದ್ದರಿಂದ ಗಾಡಿಯನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕಟ್ಟೆ ಕೊಟ್ಟು, ಟಾರ್ಚ್ ಹಿಡಿದು ಹಿಂದಿನ ಆಕ್ಸಲ್ಲಿನ ಮುಂಭಾಗವನ್ನು ನೋಡಿ. ಕಂಬಿ ಇದೆಯೇ, ತುಂಡಾಗಿದೆಯೇ, ಅದರ ರಬ್ಬರ್ ಬುಷ್ ಉಳಿದಿದೆಯೇ, ಕೆಂಪು ಮಣ್ಣು ಮೆತ್ತಿಕೊಂಡು ವಾಲ್ವಿನ ತೋಳು ಜಾಮ್ ಆಗಿದೆಯೇ ಎಂದು ಪರೀಕ್ಷಿಸಿ. ಕೋರೆಯ ಕೆಸರಿನಲ್ಲಿ ಓಡಾಡಿದ ಗಾಡಿಗಳಲ್ಲಿ ಈ ತೋಳು ಒಂದೇ ಸ್ಥಿತಿಯಲ್ಲಿ ಹಿಡಿದುಕೊಂಡಿರುವುದು ಹೊಸತಲ್ಲ. ಬ್ರಷ್ ಮತ್ತು ನೀರಿನಿಂದ ತೊಳೆದು ತೋಳು ಸಲೀಸಾಗಿ ಆಡುವಂತೆ ಮಾಡುವುದು ನೀವೇ ಮಾಡಬಹುದಾದ ಕೆಲಸ. ಕಂಬಿಯ ಉದ್ದವನ್ನು ಮಾತ್ರ ಅಂದಾಜಿನಲ್ಲಿ ಬದಲಿಸಬೇಡಿ, ಈಗಿರುವ ಜಾಗಕ್ಕೆ ಬಣ್ಣದ ಗುರುತು ಹಾಕಿಡಿ. ಮುಂದಿನ ಮತ್ತು ಹಿಂದಿನ ಬ್ಲೀಡರುಗಳಿಗೆ (ಚಕ್ರದ ಬಳಿ ಗಾಳಿ ಹೊರಬಿಡುವ ಸ್ಕ್ರೂಗಳಿಗೆ) ಎರಡು ಪ್ರೆಶರ್ ಗೇಜ್ ಜೋಡಿಸಿ, ಆ ಮಾದರಿಯ ಕೈಪಿಡಿಯ ಅಳತೆಗೆ ಸರಿಯಾಗಿ ಹೊಂದಿಸುವ ವರ್ಕ್‌ಶಾಪಿನಲ್ಲೇ ಅದನ್ನು ಮಾಡಿಸಬೇಕು. ಕೆಲವರು ತೋಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿ ‘ಫುಲ್ ಬ್ರೇಕ್’ ಮಾಡಿಕೊಡುತ್ತಾರೆ. ಅದನ್ನು ಖಂಡಿತ ಒಪ್ಪಬೇಡಿ. ಕಲ್ಲು ಇಳಿಸಿ ಖಾಲಿ ಗಾಡಿಯಲ್ಲಿ ಮರಳುವಾಗ ಹಿಂದಿನ ಚಕ್ರ ಲಾಕ್ ಆಗುವುದು ಆಗಲೇ. ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದರೆ ಹೆಚ್ಚಿನ ಪ್ಲೇಟುಗಳನ್ನು ತೆಗೆಸಿ, ಕಂಪೆನಿ ಕೊಟ್ಟ ಸ್ಪ್ರಿಂಗ್ ತಾಳುವಷ್ಟೇ ತುಂಬುವುದು.

ತುಂಬುವ ಲೆಕ್ಕವನ್ನೂ ಇಲ್ಲೇ ನೋಡಿಬಿಡೋಣ. ನಿಮ್ಮ ಕೋರೆಯ ಕಲ್ಲೊಂದನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡಿ. ಅದು 30 ಕಿಲೋ ತೂಗಿದರೆ 1200 ಕಿಲೋ ಹೊರುವ ಪಿಕಪ್ಪಿಗೆ 40 ಕಲ್ಲು ಸಾಕು, ಮಳೆಯಲ್ಲಿ ನೆನೆದ ಕಲ್ಲಾದರೆ ಅದಕ್ಕಿಂತ ಕಡಿಮೆ. ಎರಡು ಪ್ಲೇಟ್ ಸೇರಿಸಿದ ಮಾತ್ರಕ್ಕೆ ಬ್ರೇಕಿನ ಡ್ರಮ್ಮಾಗಲಿ ಡಿಸ್ಕಾಗಲಿ ದೊಡ್ಡದಾಗುವುದಿಲ್ಲ.

ಇನ್ನು ಬೂಸ್ಟರಿನ ವಿಷಯಕ್ಕೆ ಬರುತ್ತೇನೆ. ಬೂಸ್ಟರಿನೊಳಗೆ ಒಂದು ರಬ್ಬರ್ ಡಯಾಫ್ರಾಮ್ ಇರುತ್ತದೆ. ಅದರ ಎರಡೂ ಬದಿಯಲ್ಲಿ ವ್ಯಾಕ್ಯೂಮ್ ಇರುವಾಗ ಅದು ಸುಮ್ಮನಿರುತ್ತದೆ. ಪೆಡಲ್ ಒತ್ತಿದಾಗ ಚಾಲಕನ ಬದಿಗೆ ಹೊರಗಿನ ಗಾಳಿ ನುಗ್ಗಿ, ಆ ಗಾಳಿಯ ಒತ್ತಡವೇ, ಬ್ರೇಕ್ ಆಯಿಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಒತ್ತಲು ನೆರವಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ಎಂಜಿನ್ ಗಾಳಿ ಎಳೆದುಕೊಳ್ಳುವ ನಾಳದಿಂದಲೇ ಸಿಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಹಾಗೆ ಸಿಗದ ಕಾರಣ ಪ್ರತ್ಯೇಕ ಪಂಪ್ ಬೇಕು, ಅದು ಆಲ್ಟರ್ನೇಟರಿನ ಹಿಂದೆಯೋ ಕ್ಯಾಮ್‌ಶಾಫ್ಟಿನ ತುದಿಯಲ್ಲೋ ಇರುತ್ತದೆ.

ಸಾಮಾನ್ಯ ಒಂಬತ್ತು ಇಂಚಿನ ಬೂಸ್ಟರಿನಲ್ಲಿ ವ್ಯಾಕ್ಯೂಮ್ 0.7 ಬಾರ್ ಇದ್ದರೆ ಡಯಾಫ್ರಾಮಿನ ಮೇಲೆ ಲೆಕ್ಕದ ಪ್ರಕಾರ ಸುಮಾರು 290 ಕಿಲೋ ಬಲ ಬೀಳುತ್ತದೆ. ಹತ್ತು ಇಂಚಿನದಾದರೆ ಅದು ಸುಮಾರು 360 ಕಿಲೋ. ಎಂದರೆ ದೊಡ್ಡ ಬೂಸ್ಟರಿನಿಂದ ಬರುವ ಲಾಭ ಸುಮಾರು 70 ಕಿಲೋ. ಆದರೆ ನಿಮ್ಮ ಈಗಿನ ಒಂಬತ್ತು ಇಂಚಿನ ಬೂಸ್ಟರಿಗೆ ಬರುವ ವ್ಯಾಕ್ಯೂಮ್ ಪಂಪಿನ ಸವೆತದಿಂದ 0.5 ಬಾರಿಗೆ ಇಳಿದಿದ್ದರೆ ಬಲ ಸುಮಾರು 210 ಕಿಲೋಗೆ ಇಳಿಯುತ್ತದೆ, ಅಲ್ಲಿ 80 ಕಿಲೋ ನಷ್ಟವಾಗಿರುತ್ತದೆ. ಹಳೆಯ ಪಂಪನ್ನು ಹಾಗೇ ಬಿಟ್ಟು ದೊಡ್ಡ ಬೂಸ್ಟರ್ ಹಾಕಿದವರು ಹಣ ಕೊಟ್ಟು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತಾರೆ.

ಇನ್ನೊಂದು ಸಂಗತಿಯನ್ನು ಮಾರುವವರು ಹೇಳುವುದಿಲ್ಲ. ದಿನನಿತ್ಯದ ಸಾಧಾರಣ ತುಳಿತದಲ್ಲಿ ಬೂಸ್ಟರ್ ನಿಮ್ಮ ಕಾಲಿನ ಬಲವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು ಅದರೊಳಗಿನ ರಿಯಾಕ್ಷನ್ ಡಿಸ್ಕ್ ಎಂಬ ಸಣ್ಣ ರಬ್ಬರ್ ಬಿಲ್ಲೆಯ ಮತ್ತು ಅದನ್ನು ಒತ್ತುವ ವಾಲ್ವಿನ ಅಳತೆಯಿಂದ ತೀರ್ಮಾನವಾಗುತ್ತದೆ, ಡಯಾಫ್ರಾಮಿನ ವ್ಯಾಸದಿಂದಲ್ಲ. ವ್ಯಾಸ ದೊಡ್ಡದಾದರೆ, ಬೂಸ್ಟರಿನ ನೆರವು ಮುಗಿದು ಮುಂದೆ ಬರೀ ಕಾಲಿನ ಬಲವೇ ಉಳಿಯುವ ಹಂತ ಸ್ವಲ್ಪ ದೂರಕ್ಕೆ ಹೋಗುತ್ತದೆ, ಅಷ್ಟೆ. ಜೊತೆಗೆ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಬ್ರೇಕ್ ಚುರುಕಾಗುತ್ತದೆ ಎಂಬ ನಂಬಿಕೆಯೂ ತಪ್ಪು. 22.2 ಮಿಲಿಮೀಟರಿನ ಬೋರ್ (ಒಳವ್ಯಾಸ) ಬದಲು 25.4 ಮಿಲಿಮೀಟರಿನದನ್ನು ಹಾಕಿದರೆ ಅದೇ ಬಲಕ್ಕೆ ಪೈಪಿನ ಒತ್ತಡ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಪೆಡಲ್ ಇನ್ನಷ್ಟು ಗಟ್ಟಿಯಾಗುತ್ತದೆ.

ಆದ್ದರಿಂದ ಬೂಸ್ಟರನ್ನು ಮುಟ್ಟುವ ಮೊದಲು ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿದುಕೊಳ್ಳಬೇಕು, ಇದಕ್ಕೆ ಖರ್ಚೇ ಇಲ್ಲ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಬಾರಿ ತುಳಿಯಿರಿ, ಅದು ಗಟ್ಟಿಯಾಗುತ್ತದೆ. ಹಾಗೆಯೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಬರುತ್ತಿಲ್ಲ, ಇಲ್ಲವೇ ಬೂಸ್ಟರ್ ಕೆಟ್ಟಿದೆ. ಮುಂದೆ, ಎಂಜಿನ್ ಚಾಲೂ ಇರುವಾಗ ಪೆಡಲ್ ಒತ್ತಿ ಹಿಡಿದು ಎಂಜಿನ್ ಆಫ್ ಮಾಡಿ ಅರ್ಧ ನಿಮಿಷ ಕಾಯಿರಿ. ಪೆಡಲ್ ಕಾಲನ್ನು ಮೇಲಕ್ಕೆ ದೂಡಿದರೆ ಎಲ್ಲೋ ಸೋರಿಕೆ ಇದೆ. ತುಳಿದಾಗ ಡ್ಯಾಶ್‌ಬೋರ್ಡಿನ ಕೆಳಗಿಂದ ನಿಲ್ಲದ ‘ಸ್‌ಸ್‌’ ಸದ್ದು ಕೇಳಿದರೆ ಡಯಾಫ್ರಾಮ್ ಅಥವಾ ವಾಲ್ವಿನ ಸೀಲ್ ಹರಿದಿದೆ. ಒಂದು ವ್ಯಾಕ್ಯೂಮ್ ಗೇಜನ್ನು ಟಿ-ಜೋಡಣೆಯಿಂದ ಬೂಸ್ಟರಿನ ಹೋಸಿಗೆ ಕೂಡಿಸಿದರೆ ಚಿತ್ರ ಪೂರ್ತಿ ಸ್ಪಷ್ಟವಾಗುತ್ತದೆ. ಆರೋಗ್ಯವಾಗಿರುವ ಡೀಸೆಲ್ ಪಂಪ್ ಐಡ್ಲಿಂಗಿನಲ್ಲೇ 600 ಮಿಲಿಮೀಟರ್ ಪಾದರಸಕ್ಕಿಂತ (ಸುಮಾರು 0.8 ಬಾರ್) ಮೇಲೆ ತೋರಿಸಬೇಕು, ಎಂಜಿನ್ ನಿಲ್ಲಿಸಿದ ಮೇಲೂ ಮುಳ್ಳು ಬೇಗ ಇಳಿಯಬಾರದು.

ಹೋಸಿನ ನಡುವೆಯೋ ಬೂಸ್ಟರಿನ ಬಾಯಿಯಲ್ಲೋ ಒಂದು ಒನ್-ವೇ ವಾಲ್ವ್ ಇರುತ್ತದೆ. ಎಂಜಿನ್ ನಿಂತರೂ ಎರಡು ಮೂರು ಬಾರಿ ತುಳಿಯುವಷ್ಟು ವ್ಯಾಕ್ಯೂಮ್ ಉಳಿಸಿಕೊಡುವುದು ಇದೇ. ಅದನ್ನು ಬಿಚ್ಚಿ ಬಾಯಿಯಿಂದ ಊದಿ ನೋಡಿ, ಗಾಳಿ ಒಂದೇ ದಿಕ್ಕಿನಲ್ಲಿ ಹೋಗಬೇಕು. ಹೋಸಿನ ಒಳಗೆ ಎಂಜಿನ್ ಆಯಿಲ್ ಕಂಡರೆ ಪಂಪ್ ಸವೆದಿದೆ ಎಂದರ್ಥ, ಆ ಆಯಿಲ್ ಡಯಾಫ್ರಾಮನ್ನೂ ಹಾಳುಮಾಡುತ್ತದೆ. ಬ್ರೇಕ್ ಆಯಿಲ್ ಹೊರಗೆಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಎರಡು ನಟ್ ಸಡಿಲಿಸಿ, ಪೈಪುಗಳನ್ನು ಬಿಚ್ಚದೆಯೇ ತುಸು ಮುಂದಕ್ಕೆ ಸರಿಸಿ, ಅದರ ಹಿಂಭಾಗ ಒದ್ದೆಯಾಗಿದೆಯೇ ನೋಡಿ. ಒದ್ದೆಯಾಗಿದ್ದರೆ ಆಯಿಲ್ ಬೂಸ್ಟರಿನೊಳಕ್ಕೆ ಹೋಗುತ್ತಿದೆ, ಆಗ ಎರಡನ್ನೂ ಬದಲಿಸಬೇಕು.

ಪೆಡಲಿನ ಭಾಷೆಯನ್ನು ತಪ್ಪಾಗಿ ಓದುವುದರಿಂದಲೇ ಅರ್ಧ ಬಿಡಿಭಾಗಗಳು ವ್ಯರ್ಥವಾಗಿ ಬದಲಾಗುತ್ತವೆ. ಪೆಡಲ್ ಮೆತ್ತಗಾಗಿದ್ದರೆ ಪೈಪಿನಲ್ಲಿ ಗಾಳಿ ಇದೆ, ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗೆ ಹೋಗುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಸೀಲ್ ಸವೆದಿದೆ, ಎರಡನೇ ತುಳಿತಕ್ಕೆ ಮಾತ್ರ ಹಿಡಿಯುತ್ತಿದ್ದರೆ ಹಿಂದಿನ ಡ್ರಮ್ಮಿನ ಅಡ್ಜಸ್ಟ್‌ಮೆಂಟ್ ಸಡಿಲವಾಗಿದೆ. ಇವು ಯಾವುದಕ್ಕೂ ಬೂಸ್ಟರ್ ಮದ್ದಲ್ಲ.

ಪರೀಕ್ಷೆಯಲ್ಲಿ ಬೂಸ್ಟರ್ ಕೆಟ್ಟಿದೆಯೆಂದೇ ಖಚಿತವಾದರೆ ಅದೇ ಮಾದರಿಯ ಕಂಪೆನಿ ಬೂಸ್ಟರನ್ನೇ ತನ್ನಿ. ಬೇರೆ ಗಾಡಿಯ ದೊಡ್ಡ ಬೂಸ್ಟರ್ ಕೂರಿಸಲು ಬಾಡಿಯ ಗೋಡೆಯನ್ನು ಕೊರೆಯಬೇಕಾಗುತ್ತದೆ, ಪೆಡಲಿನ ಕೋನ ಬದಲಾಗುತ್ತದೆ. ಹಾಗೆ ಮಾಡಿದರೆ ಅದು ರಿಪೇರಿಯಾಗಿ ಉಳಿಯದೆ ಮಾರ್ಪಾಡಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂಥ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಬೀಳಬಹುದು. ಕೇರಳದಲ್ಲಿ ಮಾರ್ಪಾಡುಗಳ ಮೇಲಿನ ತಪಾಸಣೆ ಬಿಗಿಯಾಗಿಯೇ ಇದೆ. ಹತ್ತು ವರ್ಷದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕಾದ್ದರಿಂದ ನೀವು ಇದನ್ನು ಮರೆಮಾಚಿ ನಡೆಸುವಂತೆಯೂ ಇಲ್ಲ, ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಇದನ್ನೇ.

ಬೂಸ್ಟರ್ ಬದಲಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾದ ಜಾಗವೆಂದರೆ ಬೂಸ್ಟರಿನಿಂದ ಮುಂದಕ್ಕೆ ಚಾಚಿರುವ ಪುಶ್‌ರಾಡಿನ ಉದ್ದ. ಪುಶ್‌ರಾಡಿನ ತುದಿಗೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟು ಅಂತರ ಇರಬೇಕು, ಸರಿಯಾದ ಅಳತೆ ಕೈಪಿಡಿಯಲ್ಲಿರುತ್ತದೆ, ಅದು ಸಾಮಾನ್ಯವಾಗಿ ಅರ್ಧ ಮಿಲಿಮೀಟರನ್ನು ಮೀರುವುದಿಲ್ಲ. ಪುಶ್‌ರಾಡ್ ಸ್ವಲ್ಪ ಉದ್ದವಾದರೂ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಲಾರದು. ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ, ಓಡುತ್ತಾ ಆಯಿಲ್ ಬಿಸಿಯಾಗಿ ಹಿಗ್ಗಿದಾಗ ಹೋಗಲು ದಾರಿಯಿಲ್ಲದೆ ಬ್ರೇಕ್ ತಾನಾಗಿ ಹಿಡಿಯತೊಡಗುತ್ತದೆ. ಅಂಗಳದಲ್ಲಿ ಸರಿಯಾಗಿದ್ದ ಗಾಡಿ ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಎಳೆಯುವುದಕ್ಕೂ ಚಕ್ರದಿಂದ ಹೊಗೆ ಬರುವುದಕ್ಕೂ ಇದೇ ಕಾರಣ. ಆದ್ದರಿಂದ ಹಳೆಯ ಬೂಸ್ಟರಿನ ಪುಶ್‌ರಾಡಿನ ಎತ್ತರವನ್ನೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಎಷ್ಟು ಒಳಗಿದೆ ಎಂಬುದನ್ನೂ ವರ್ನಿಯರಿನ ಆಳಮಾಪಕದಿಂದ ಅಳೆದು ಬರೆದಿಟ್ಟುಕೊಳ್ಳಿ, ಹೊಸದರಲ್ಲಿ ಮತ್ತೆ ಅಳೆಯಿರಿ. ಆ ನಂತರ ಬ್ರೇಕ್ ಲೈಟಿನ ಸ್ವಿಚ್ ಸಹ ಪೆಡಲನ್ನು ಒತ್ತಿ ಹಿಡಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಪೈಪ್ ಬಿಚ್ಚಿದ್ದರೆ ಬ್ಲೀಡಿಂಗ್, ಎಂದರೆ ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಬಿಡುವ ಕೆಲಸ, ಮಾಡಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ ಚಕ್ರದಿಂದ ಶುರುಮಾಡಿ ಹತ್ತಿರದ ಚಕ್ರಕ್ಕೆ ಬನ್ನಿ. ಇಲ್ಲಿಯೂ ಆ ಲೋಡ್ ಸೆನ್ಸಿಂಗ್ ವಾಲ್ವ್ ಅಡ್ಡ ಬರುತ್ತದೆ. ಚಾಸಿಯನ್ನು ಜಾಕಿನಲ್ಲಿ ಎತ್ತಿ ಆಕ್ಸಲ್ ಜೋತಾಡುತ್ತಿದ್ದರೆ ವಾಲ್ವ್ ಹಿಂದಿನ ಪೈಪಿನ ಹರಿವನ್ನು ತಡೆಯುವುದರಿಂದ ಗಾಳಿ ಪೂರ್ತಿ ಹೊರಬರುವುದಿಲ್ಲ. ಗಾಡಿಯ ಭಾರ ಚಕ್ರದ ಮೇಲೆ ಅಥವಾ ಆಕ್ಸಲ್ಲಿನ ಕೆಳಗಿಟ್ಟ ಸ್ಟ್ಯಾಂಡಿನ ಮೇಲೆ ಇರುವಾಗಲೇ ಹಿಂದಿನ ಬ್ಲೀಡಿಂಗ್ ಮಾಡಿ.

ಆಯಿಲ್ ಬಗ್ಗೆ ಉದಾಸೀನ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವಕ್ಕೇನು ಕೊರತೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವ ಕನಿಷ್ಠ ಮಟ್ಟ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 140 ಡಿಗ್ರಿ. ಡಾಟ್ 4ರಲ್ಲಿ ಇವು 230 ಮತ್ತು 155. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳಾಗಿ ಪೆಡಲ್ ನೆಲಕ್ಕೆ ಹೋದರೆ ಯಾವ ಬೂಸ್ಟರೂ ಕಾಯುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಸೀಲ್ ಒಡೆಯದ ಹೊಸ ಬಾಟಲಿಯಿಂದ, ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ ಹಾಕಿ. ಎಂಜಿನ್ ಆಯಿಲಾಗಲಿ ಪವರ್ ಸ್ಟೀರಿಂಗ್ ಆಯಿಲಾಗಲಿ ಒಂದು ಹನಿ ಬಿದ್ದರೂ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ.

ಪೈಪುಗಳನ್ನೂ ನೋಡಿ. ನಿಮ್ಮ ಗಾಡಿ ಹಿಂದೆ ಮೀನಿನ ಸಾಗಾಟಕ್ಕೆ ಇದ್ದದ್ದಾದರೆ ಮಂಜುಗಡ್ಡೆಯ ಉಪ್ಪುನೀರು ಸೋರಿ ಚಾಸಿಯ ಕ್ಲಿಪ್ಪುಗಳ ಅಡಿಯಲ್ಲಿ ಕಬ್ಬಿಣದ ಪೈಪ್ ತುಕ್ಕು ತಿಂದಿರಬಹುದು. ಅಂಥ ಪೈಪಿಗೆ ಹೆಚ್ಚಿನ ಒತ್ತಡ ಕೊಡುವ ಬೂಸ್ಟರ್ ಹಾಕುವುದೆಂದರೆ ಅದು ಒಡೆಯುವ ದಿನವನ್ನು ಹತ್ತಿರ ತಂದಂತೆ.

ಕರೆಂಟಿನ ವ್ಯಾಕ್ಯೂಮ್ ಪಂಪ್ ನಿಮಗೆ ಬೇಡ. ಎಂಜಿನ್ನಿನ ಪಂಪ್ ಸವೆದಿದ್ದರೆ ಅದನ್ನೇ ಬದಲಿಸಿ, ಅದಕ್ಕೆ ಆಯಿಲ್ ತರುವ ಸಣ್ಣ ಪೈಪನ್ನೂ ಶುಚಿಮಾಡಿಸಿ. ಕರೆಂಟಿನ ಪಂಪಿಗೆ ರಿಲೇ, ಫ್ಯೂಸ್, ವ್ಯಾಕ್ಯೂಮ್ ಸ್ವಿಚ್, ಎಚ್ಚರಿಕೆಯ ದೀಪ ಎಲ್ಲವೂ ಬೇಕು. ದೀಪವಿಲ್ಲದೆ ಕೂರಿಸಿದ ಪಂಪ್ ನಿಂತುಹೋದದ್ದು ಗೊತ್ತಾಗುವುದು ಇಳಿಜಾರಿನಲ್ಲೇ. ಗಾಬರಿಯಲ್ಲಿ ವೇಗವಾಗಿ ತುಳಿದದ್ದನ್ನು ಗುರುತಿಸಿ ತಾನೇ ಪೂರ್ತಿ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ಬ್ರೇಕ್ ಅಸಿಸ್ಟನ್ನು ಎಬಿಎಸ್ ಇಲ್ಲದ ಗಾಡಿಗೆ ಮನೆಯಲ್ಲಿ ಅಳವಡಿಸಲು ಬರುವುದಿಲ್ಲ.

ಇಳಿಜಾರಿನ ಲೆಕ್ಕವನ್ನು ಒಮ್ಮೆ ನೋಡಿ. ಕಲ್ಲು ಸೇರಿ 2800 ಕಿಲೋ ತೂಗುವ ಗಾಡಿಯನ್ನು ಗಂಟೆಗೆ 40 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದಾಗ ಬ್ರೇಕುಗಳು ನುಂಗುವ ಶಕ್ತಿ ಸುಮಾರು 173 ಕಿಲೋಜೂಲ್. ಅದೇ ಗಾಡಿ ನೂರು ಮೀಟರ್ ಎತ್ತರವನ್ನು ಬರೀ ಬ್ರೇಕಿನ ಮೇಲೆ ಇಳಿದರೆ ನುಂಗಬೇಕಾದದ್ದು 2700 ಕಿಲೋಜೂಲಿಗೂ ಹೆಚ್ಚು, ಅಂದರೆ ತಣಿಯಲು ಬಿಡದೆ ಸುಮಾರು 16 ಬಾರಿ ನಿಲ್ಲಿಸಿದಷ್ಟು. ಈ ಬಿಸಿಗೆ ಲೈನರ್ (ಡ್ರಮ್ಮಿಗೂ ಡಿಸ್ಕಿಗೂ ಉಜ್ಜಿ ಹಿಡಿಯುವ ಪಟ್ಟಿ) ಜಾರತೊಡಗುತ್ತದೆ, ಪೆಡಲ್ ಗಟ್ಟಿಯಾಗಿದ್ದರೂ ಗಾಡಿ ನಿಲ್ಲುವುದಿಲ್ಲ. ನೀವು ವಿವರಿಸಿದ ಲಕ್ಷಣಕ್ಕೆ ಇದೂ ಹೊಂದುತ್ತದೆ, ಅದರಲ್ಲೂ ಮುಂದಿನ ಬ್ರೇಕುಗಳೇ ಎಲ್ಲ ಭಾರ ಹೊತ್ತಿದ್ದರೆ. ಹತ್ತುವಾಗ ಯಾವ ಗಿಯರ್ ಬೇಕಾಗುತ್ತಿತ್ತೋ ಅದೇ ಗಿಯರಿನಲ್ಲಿ ಇಳಿಯಿರಿ, ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡುವ ರೂಢಿ ಇದ್ದರೆ ಇಂದೇ ಬಿಡಿ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಮೂರನೆಯ ನಾಲ್ಕನೆಯ ತುಳಿತದ ಹೊತ್ತಿಗೆ ಬೂಸ್ಟರಿನಲ್ಲಿ ಏನೂ ಉಳಿದಿರುವುದಿಲ್ಲ.

ಎಲ್ಲ ಸರಿಪಡಿಸಿದ ಮೇಲೆ ಮೊದಲು ಖಾಲಿ ಗಾಡಿಯನ್ನು ಮೈದಾನದಲ್ಲಿ, ಆಮೇಲೆ ಅರ್ಧ ಭಾರದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಿ. ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಎಲ್ಲ ಕಡೆ ಸಿಗುತ್ತದೆ. ಒಂದೇ ರಸ್ತೆಯಲ್ಲಿ, ಒಂದೇ ರೀತಿ ಬ್ರೇಕ್ ಹಾಕಿ, ನಿಲ್ಲಿಸಿದ ಕೂಡಲೇ ನಾಲ್ಕೂ ಚಕ್ರಗಳ ಡ್ರಮ್ ಮತ್ತು ಡಿಸ್ಕಿನ ಬಿಸಿಯನ್ನು ಬರೆದುಕೊಳ್ಳಿ, ಒಮ್ಮೆ ಖಾಲಿಯಾಗಿ, ಒಮ್ಮೆ ಭಾರದಲ್ಲಿ. ಭಾರದಲ್ಲಿ ಹಿಂದಿನ ಡ್ರಮ್ಮುಗಳು ಖಾಲಿಯಾಗಿದ್ದಾಗಿನದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಬಿಸಿಯಾಗಬೇಕು. ಮುಂದಿನವು ಮಾತ್ರ ಕಾದು ಹಿಂದಿನವು ತಣ್ಣಗೇ ಇದ್ದರೆ ಲೋಡ್ ಸೆನ್ಸಿಂಗ್ ವಾಲ್ವ್ ಇನ್ನೂ ಒತ್ತಡ ಬಿಡುತ್ತಿಲ್ಲ. ಹಿಂದಿನ ಎಡ ಬಲಗಳಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ತಣ್ಣಗಿರುವ ಬದಿಯ ವೀಲ್ ಸಿಲಿಂಡರ್ ಹಿಡಿದಿದೆಯೇ, ಆಕ್ಸಲ್ ಆಯಿಲ್ ಸೀಲ್ ಸೋರಿ ಲೈನರ್ ನೆನೆದಿದೆಯೇ ಎಂದು ಡ್ರಮ್ ತೆಗೆದು ನೋಡಬೇಕು. ಬ್ರೇಕ್ ಹಾಕದೆಯೇ ಒಂದು ಚಕ್ರ ಬಿಸಿಯಾಗುತ್ತಿದ್ದರೆ ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ, ನಾಲ್ಕೂ ಬಿಸಿಯಾಗುತ್ತಿದ್ದರೆ ಪುಶ್‌ರಾಡಿನ ಅಳತೆಯನ್ನು ಮತ್ತೊಮ್ಮೆ ನೋಡಿ. ಈ ಅಂಕಿಗಳನ್ನು ಬರೆದ ಚೀಟಿಯನ್ನು ಮೆಕ್ಯಾನಿಕ್ಕಿನ ಕೈಯಲ್ಲಿ ಕೊಟ್ಟರೆ ಅವರು ಎಲ್ಲಿಂದ ಶುರುಮಾಡಬೇಕೆಂದು ಕೇಳುವ ಅಗತ್ಯವಿರುವುದಿಲ್ಲ.